ಕೈಗೆ ಕೆಲಸ, ಕಿವಿಗೆ ಬಿಡುವು: ಯಾವ ಹೊತ್ತಿಗೆ ಯಾವ ಪಾಡ್‌ಕಾಸ್ಟ್?

ಪಾಡ್‌ಕಾಸ್ಟ್ ಎಂದರೆ ಫೋನಿಗೆ ಕಂತುಕಂತಾಗಿ ಬರುವ, ಬೇಕಾದಾಗ ಕೇಳಬಹುದಾದ ಧ್ವನಿ ಕಾರ್ಯಕ್ರಮ. ಒಬ್ಬರು ಬಾಯಿ ತುಂಬ ಹೊಗಳಿದ ಪಾಡ್‌ಕಾಸ್ಟ್ ಇನ್ನೊಬ್ಬರಿಗೆ ಹತ್ತೇ ನಿಮಿಷದಲ್ಲಿ ಆಕಳಿಕೆ ತರಿಸುವುದುಂಟು. ಅಭಿರುಚಿ ಬೇರೆ ಬೇರೆ ಎಂದು ಹೇಳಿ ಸುಮ್ಮನಾಗುವುದು ಸುಲಭ. ವಿಚಾರಿಸಿ ನೋಡಿದರೆ ಎಷ್ಟೋ ಸಲ ಬೇರೆಯೇ ಸಂಗತಿ ಹೊರಬೀಳುತ್ತದೆ: ಹೊಗಳಿದವರು ಅದನ್ನು ಬಟ್ಟೆ ಮಡಚುತ್ತ ಕೇಳಿರುತ್ತಾರೆ, ಆಕಳಿಸಿದವರು ಇಮೇಲ್‌ಗಳಿಗೆ ಉತ್ತರ ಬರೆಯುತ್ತ ಕೇಳಿರುತ್ತಾರೆ. ಬಟ್ಟೆ ಮಡಚುವುದು ಕೈಗಳಿಗೆ ರೂಢಿಯಾದ ಕೆಲಸ. ತಲೆಯೊಳಗೆ ಇನ್ನೊಬ್ಬರ ಮಾತು ಬಂದು ಕೂರಲು ಬೇಕಾದಷ್ಟು ಜಾಗವಿರುತ್ತದೆ. ಇಮೇಲ್ ಬರೆಯುವುದೆಂದರೆ ಮನಸ್ಸಿನೊಳಗೆ ಮಾತು ಜೋಡಿಸುವುದು. ಕಿವಿಯಿಂದ ಬರುವ ಮಾತೂ ಅದೇ ಬಾಗಿಲಿನಿಂದ ನುಗ್ಗಬೇಕು. ಎರಡರಲ್ಲಿ ಒಂದು ಹೊರಗೇ ನಿಲ್ಲುತ್ತದೆ.

ಪಾಡ್‌ಕಾಸ್ಟಿನ ಸೆಳೆತವೂ ಇಲ್ಲೇ ಅಡಗಿದೆ ಎಂಬುದು ನನ್ನ ಎಣಿಕೆ. ಪುಸ್ತಕಕ್ಕೆ ನಾವು ಪೂರ್ತಿಯಾಗಿ ಬೇಕು, ವಿಡಿಯೊ ಕಣ್ಣನ್ನು ಕಟ್ಟಿಹಾಕುತ್ತದೆ. ಪಾಡ್‌ಕಾಸ್ಟ್ ಅರ್ಧ ಬಿಡುವಿರುವ ಮನುಷ್ಯನನ್ನು ಇದ್ದ ಹಾಗೆಯೇ ಒಪ್ಪಿಕೊಂಡು, ಅವನ ಮುಂದೆ ತೂಕದ ವಿಷಯವನ್ನೂ ಇಡುವ ಧೈರ್ಯ ಮಾಡುತ್ತದೆ. ಆದ್ದರಿಂದ ಈ ಹೋಲಿಕೆಯಲ್ಲಿ ನನ್ನ ಅಳತೆಗೋಲು ಒಂದೇ: ಕೇಳುವ ಹೊತ್ತಿನಲ್ಲಿ ನಿಮ್ಮ ಗಮನದ ಎಷ್ಟು ಪಾಲು ನಿಮ್ಮ ಕೈಯಲ್ಲಿ ಉಳಿದಿರುತ್ತದೆ? ಜನಪ್ರಿಯತೆಯ ಪಟ್ಟಿಗಳು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಪಾಡ್‌ಕಾಸ್ಟೋ, ರೇಡಿಯೊವೋ, ಆಡಿಯೊ ಪುಸ್ತಕವೋ?

ರೇಡಿಯೊ ಮತ್ತು ಪಾಡ್‌ಕಾಸ್ಟ್‌ಗಳ ನಡುವಿನ ಮುಖ್ಯ ಅಂತರ ಧ್ವನಿಯಲ್ಲಿಲ್ಲ, ಅದು ನಮ್ಮನ್ನು ತಲುಪುವ ದಾರಿಯಲ್ಲಿದೆ. ಜಾಲತಾಣಗಳ ಹೊಸ ಬರಹಗಳನ್ನು ಓದುಗರಿಗೆ ತಲುಪಿಸುತ್ತಿದ್ದ ಆರ್‌ಎಸ್‌ಎಸ್ ಫೀಡಿನೊಳಗೆ ಧ್ವನಿಕಡತವನ್ನೂ ಲಗತ್ತಿಸಿ ಕಳಿಸುವ ಏರ್ಪಾಡನ್ನು ಅಮೆರಿಕದ ತಂತ್ರಾಂಶ ನಿರ್ಮಾಪಕ ಡೇವ್ ವೈನರ್ ಮಾಡಿದ್ದು 2000ನೇ ಇಸವಿಯ ಕೊನೆಯಲ್ಲಿ. 2004ರಲ್ಲಿ ಟಿವಿ ನಿರೂಪಕರಾಗಿದ್ದ ಆಡಮ್ ಕರಿ ಮತ್ತು ಅವರ ಜೊತೆಗಿದ್ದವರು ಆ ಕಡತಗಳನ್ನು ತಾನಾಗಿಯೇ ಇಳಿಸಿಕೊಂಡು ಐಪಾಡ್‌ಗೆ ತುಂಬುವ ತಂತ್ರಾಂಶವನ್ನು ಬೆಳೆಸಿದರು. 2005ರ ಜೂನ್‌ನಲ್ಲಿ ಆಪಲ್ ಕಂಪನಿ ತನ್ನ ಸಂಗೀತ ತಂತ್ರಾಂಶವಾದ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗಳಿಗೆ ಜಾಗ ಕೊಟ್ಟಾಗ ಎರಡೇ ದಿನಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಚಂದಾದಾರಿಕೆಗಳು ಬಂದವು.

ಕೇಳುಗನಿಗೆ ಇದರಿಂದ ಆದದ್ದೇನು? ಗಡಿಯಾರದ ಹಿಡಿತ ತಪ್ಪಿತು. ರೇಡಿಯೊದಲ್ಲಿ ಮುಂದಿನ ವಾರ್ತೆಗೆ ಮೊದಲು ಕಾರ್ಯಕ್ರಮ ಮುಗಿಯಲೇಬೇಕು. ಅರ್ಧ ಗಂಟೆಯ ಜಾಗ ಸಿಕ್ಕರೆ ಅರ್ಧ ಗಂಟೆಯಷ್ಟೇ ಹೇಳಬೇಕು. ಪಾಡ್‌ಕಾಸ್ಟಿಗೆ ಆ ಕಟ್ಟುಪಾಡು ಇಲ್ಲ. ಡ್ಯಾನ್ ಕಾರ್ಲಿನ್ ತಮ್ಮ ಇತಿಹಾಸದ ಪಾಡ್‌ಕಾಸ್ಟ್ 'ಹಾರ್ಡ್‌ಕೋರ್ ಹಿಸ್ಟರಿ'ಯಲ್ಲಿ ಮೊದಲ ಮಹಾಯುದ್ಧದ ಕಥೆಯನ್ನು ಆರು ಕಂತುಗಳಲ್ಲಿ ಹೇಳಿದರು. ಒಟ್ಟು ಅವಧಿ 20 ಗಂಟೆಯನ್ನು ಮೀರುತ್ತದೆ. ಒಬ್ಬನೇ ಮನುಷ್ಯ ಒಂದು ವಿಷಯದ ಮೇಲೆ ಅಷ್ಟು ಹೊತ್ತು ಮಾತನಾಡಲು ಜಾಗ ಬಿಟ್ಟುಕೊಡುವ ರೇಡಿಯೊ ಕೇಂದ್ರ ಸಿಗುವುದು ಕಷ್ಟ. ಅದೇ ಸ್ವಾತಂತ್ರ್ಯದಿಂದ ಹುಟ್ಟಿದ ಕೆಡುಕೂ ಉಂಟು. ಕತ್ತರಿ ಹಿಡಿಯುವವರು ಯಾರೂ ಇಲ್ಲದೆ ಇಪ್ಪತ್ತು ನಿಮಿಷದ ಸರಕು ಎರಡು ಗಂಟೆಗೆ ಹಿಗ್ಗಿರುವ ಪಾಡ್‌ಕಾಸ್ಟ್‌ಗಳಿಗೂ ಕೊರತೆಯಿಲ್ಲ.

ಹಾಗೆಂದು ರೇಡಿಯೊ ಸೋತಿತು ಎನ್ನಲಾಗದು. ಪ್ರವಾಹವೋ ಚಂಡಮಾರುತವೋ ಬಂದಾಗ, ಪಂದ್ಯ ನಡೆಯುತ್ತಿರುವಾಗ, ಈ ಕ್ಷಣದ ಸುದ್ದಿ ಬೇಕಾದಾಗ ನೇರ ಪ್ರಸಾರಕ್ಕೆ ಸಾಟಿಯಿಲ್ಲ. ಅದಕ್ಕೆ ಡೇಟಾ ಬೇಡ, ಚಾರ್ಜ್ ಕೂಡ ಹೆಚ್ಚು ಬೇಡ. ಇನ್ನೊಂದು ಅನುಕೂಲವನ್ನು ಜನ ಗಮನಿಸುವುದಿಲ್ಲ: ರೇಡಿಯೊದಲ್ಲಿ ಆರಿಸುವ ಕೆಲಸವಿಲ್ಲ. ದಣಿದು ಕೂತಾಗ, ಯಾವ ಸಂಚಿಕೆ ಕೇಳಲಿ ಎಂದು ಹದಿನೈದು ನಿಮಿಷ ಪರದೆಯನ್ನು ಉಜ್ಜುವ ಬದಲು ಗುಂಡಿ ಒತ್ತಿ ಬಂದದ್ದನ್ನು ಕೇಳುವುದೇ ಹಿತ.

ಆಡಿಯೊ ಪುಸ್ತಕದ ಲೆಕ್ಕವೇ ಬೇರೆ. ಅದು ಕಣ್ಣಿಗೆಂದು ಬರೆದ ಬರಹವನ್ನು ಕಿವಿಗೆ ಓದಿ ಹೇಳುವುದು. ಇಂಗ್ಲಿಷ್ ಆಡಿಯೊ ಪುಸ್ತಕಗಳನ್ನು ಸಾಮಾನ್ಯವಾಗಿ ನಿಮಿಷಕ್ಕೆ 150ರಿಂದ 160 ಪದಗಳ ವೇಗದಲ್ಲಿ ಓದುತ್ತಾರೆ. 90 ಸಾವಿರ ಪದಗಳ ಪುಸ್ತಕ ಮುಗಿಯಲು ಸುಮಾರು ಹತ್ತು ಗಂಟೆ ಬೇಕು. ಬರಹದಲ್ಲಿ ಲೇಖಕ ಒಂದು ಹೆಸರನ್ನು ಮೂರನೇ ಪುಟದಲ್ಲಿ ಹೇಳಿ ನಲವತ್ತನೇ ಪುಟದಲ್ಲಿ ಮತ್ತೆ ಎತ್ತಬಹುದು, ಮರೆತರೆ ನಾವು ಹಿಂದಕ್ಕೆ ತಿರುವಿ ನೋಡುತ್ತೇವೆ. ಕಿವಿಗೆ ಆ ಸವಲತ್ತಿಲ್ಲ. ಚೆನ್ನಾಗಿ ಮಾಡಿದ ಪಾಡ್‌ಕಾಸ್ಟ್ ಇದನ್ನು ಬಲ್ಲದು. 'ನೆನಪಿದೆಯಲ್ಲ, ಮೊದಲಲ್ಲಿ ಬಂದ ಆ ವಕೀಲ' ಎಂದು ಅದು ದಾರಿಯುದ್ದಕ್ಕೂ ಕೈ ಹಿಡಿದು ನಡೆಸುತ್ತದೆ. ಆದ್ದರಿಂದ ನಡುನಡುವೆ ಗಮನ ತಪ್ಪುವ ಕೆಲಸದಲ್ಲಿದ್ದರೆ ಪಾಡ್‌ಕಾಸ್ಟ್, ಒಂದೇ ಸಮನೆ ಎರಡು ಮೂರು ಗಂಟೆಯ ಪ್ರಯಾಣವಿದ್ದರೆ ಆಡಿಯೊ ಪುಸ್ತಕ. ಕಾದಂಬರಿ ಕೇಳುವ ಆಸೆಯಿದ್ದೂ ಹಣ ಕೊಡಲು ಮನಸ್ಸಿಲ್ಲದವರಿಗೆ 2005ರಿಂದ ನಡೆಯುತ್ತಿರುವ ಲಿಬ್ರಿವಾಕ್ಸ್ ಇದೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಅಲ್ಲಿ ಸ್ವಯಂಸೇವಕರು ಓದಿ ಉಚಿತವಾಗಿ ಒದಗಿಸುತ್ತಾರೆ. ಓದುವವರ ಧ್ವನಿಯ ಗುಣಮಟ್ಟ ಪುಸ್ತಕದಿಂದ ಪುಸ್ತಕಕ್ಕೆ ಏರಿಳಿಯುತ್ತದೆ, ಮೊದಲ ಐದು ನಿಮಿಷ ಕೇಳಿ ತೀರ್ಮಾನಿಸಿ.

ಓದುವುದಕ್ಕೆ ಬದಲಾಗಿ ಕೇಳಬಹುದೇ?

ಇದು ಬಹಳ ಜನರನ್ನು ಕಾಡುವ ಪ್ರಶ್ನೆ. 'ಓದಲು ಸಮಯವಿಲ್ಲ, ಕೇಳಿಬಿಡುತ್ತೇನೆ' ಎನ್ನುವುದರಲ್ಲಿ ಏನಾದರೂ ಮೋಸವಿದೆಯೇ?

ವೇಗದ ಮಾತು ಮೊದಲು. ಇಂಗ್ಲಿಷ್ ಓದುವ ವಯಸ್ಕರ ಸರಾಸರಿ ಮೌನವಾಚನದ ವೇಗ ಕಾದಂಬರಿಯೇತರ ಬರಹಕ್ಕೆ ನಿಮಿಷಕ್ಕೆ 238 ಪದಗಳು ಎಂದು ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದ್ದಾರೆ. ಮೇಲೆ ಹೇಳಿದ ಗಟ್ಟಿವಾಚನದ ವೇಗ ಇದರ ಮೂರನೇ ಎರಡು ಪಾಲು ಮಾತ್ರ. ಅಂದರೆ ಕೇಳುವುದು ಸಮಯ ಉಳಿಸುವ ಉಪಾಯವೇ ಅಲ್ಲ. ಬೇರೆ ಕೆಲಸಕ್ಕೆ ಹೇಗೂ ಹೋಗಲಿದ್ದ ಸಮಯವನ್ನು ಅದು ಎರಡನೇ ಸಲ ಬಳಸಿಕೊಳ್ಳುತ್ತದೆ, ಅಷ್ಟೆ. ಕುರ್ಚಿಯಲ್ಲಿ ಕೂತು, ಬೇರೇನೂ ಮಾಡದೆ ಮಾಹಿತಿಗೆಂದು ಪಾಡ್‌ಕಾಸ್ಟ್ ಕೇಳುವವರು ಅದೇ ವಿಷಯದ ಲೇಖನ ಓದಿದರೆ ಬೇಗ ಮುಗಿಯುತ್ತದೆ.

ಅರ್ಥವಾಗುವ ಬಗೆ ಹೇಗೆ? 2016ರಲ್ಲಿ ಬೆತ್ ರೊಗೋವ್‌ಸ್ಕಿ ಮತ್ತು ಸಂಗಡಿಗರು ಒಂದೇ ಬರಹವನ್ನು ಕೆಲವರಿಗೆ ಓದಲು, ಕೆಲವರಿಗೆ ಕೇಳಲು, ಇನ್ನು ಕೆಲವರಿಗೆ ಎರಡನ್ನೂ ಒಟ್ಟಿಗೆ ಮಾಡಲು ಕೊಟ್ಟು ಪರೀಕ್ಷಿಸಿದಾಗ ಗ್ರಹಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೆ ಮೊದಲು, 2010ರಲ್ಲಿ, ಡೇವಿಡ್ ಡ್ಯಾನಿಯಲ್ ಮತ್ತು ವಿಲಿಯಂ ವುಡಿ ಪಾಠದ ವಿಷಯವನ್ನೇ ಅರ್ಧ ವಿದ್ಯಾರ್ಥಿಗಳಿಗೆ ಪಾಡ್‌ಕಾಸ್ಟ್ ಆಗಿಯೂ ಉಳಿದವರಿಗೆ ಲೇಖನವಾಗಿಯೂ ಕೊಟ್ಟಿದ್ದರು. ಅಲ್ಲಿ ಓದಿದವರು ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಮೇಲ್ನೋಟಕ್ಕೆ ಒಂದನ್ನೊಂದು ಅಲ್ಲಗಳೆಯುವಂತೆ ಕಾಣುವ ಈ ಎರಡನ್ನು ಜೋಡಿಸುವ ಸುಳಿವು ವರ್ಜೀನಿಯಾ ಕ್ಲಿಂಟನ್-ಲಿಸೆಲ್ ಅವರ 2022ರ ಸಮೀಕ್ಷೆಯಲ್ಲಿ ಸಿಗುತ್ತದೆ: ಒಟ್ಟಾರೆ ನೋಡಿದರೆ ಓದು ಮತ್ತು ಕೇಳುವಿಕೆಯ ಗ್ರಹಿಕೆ ಹೆಚ್ಚುಕಡಿಮೆ ಒಂದೇ, ಆದರೆ ಓದುಗನಿಗೆ ತನ್ನದೇ ವೇಗದಲ್ಲಿ ಓದುವ ಅವಕಾಶವಿದ್ದಾಗ ಓದಿಗೆ ಮೇಲುಗೈ. ಕಷ್ಟದ ಸಾಲು ಬಂದಾಗ ಕಣ್ಣು ತಾನಾಗಿಯೇ ನಿಧಾನಿಸುತ್ತದೆ, ಹಿಂದಕ್ಕೆ ಹೋಗುತ್ತದೆ. ಧ್ವನಿ ಯಾರಿಗೂ ಕಾಯುವುದಿಲ್ಲ.

ಹೀಗಾಗಿ ನನ್ನ ವಿಂಗಡಣೆ ಇಷ್ಟು. ಸೂತ್ರ, ಅಂಕಿಅಂಶ, ಕಾನೂನಿನ ಷರತ್ತು, ಔಷಧದ ಪ್ರಮಾಣ, ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಯಾವುದನ್ನೂ ಕಿವಿಗೆ ಒಪ್ಪಿಸಬೇಡಿ. ಕಥೆ, ವಾದ, ಒಬ್ಬ ವ್ಯಕ್ತಿಯ ಅನುಭವ, ಹೊಸ ವಿಷಯವೊಂದರ ಮೊದಲ ಪರಿಚಯ ಇವೆಲ್ಲ ಕಿವಿಯಿಂದ ಚೆನ್ನಾಗಿಯೇ ಒಳಗಿಳಿಯುತ್ತವೆ. ಪರಿಚಯವಿಲ್ಲದ ವಿಷಯವನ್ನು ಮೊದಲು ಕೇಳಿ, ಆಸಕ್ತಿ ಹುಟ್ಟಿದ ಮೇಲೆ ಓದುವುದು ಇನ್ನೂ ಒಳ್ಳೆಯದು. ಹೆಸರುಗಳ ಉಚ್ಚಾರಣೆ ಆಗಲೇ ಕಿವಿಗೆ ಬಿದ್ದಿರುವುದರಿಂದ ಪುಸ್ತಕ ಅಪರಿಚಿತವೆನಿಸುವುದಿಲ್ಲ.

ಇಬ್ಬರ ಹರಟೆಯೋ, ಹೆಣೆದ ಕಥನವೋ?

ಪಾಡ್‌ಕಾಸ್ಟ್‌ಗಳೊಳಗೆ ಆರಿಸುವಾಗ ನಾನು ಹೆಚ್ಚು ತೂಕ ಕೊಡುವುದು ವಿಷಯಕ್ಕಲ್ಲ, ಕಟ್ಟಿದ ಬಗೆಗೆ. ಒಂದೇ ಚರಿತ್ರೆಯನ್ನು ಇಬ್ಬರು ಸ್ನೇಹಿತರು ಹರಟುತ್ತ ಹೇಳಬಹುದು, ಒಬ್ಬರು ಉಪನ್ಯಾಸವಾಗಿ ಹೇಳಬಹುದು, ಸಂದರ್ಶನ, ದಾಖಲೆ, ಸಂಗೀತ ಎಲ್ಲವನ್ನೂ ಹೆಣೆದು ಸಾಕ್ಷ್ಯಚಿತ್ರದಂತೆ ಹೇಳಬಹುದು. ಕೇಳುಗನಿಂದ ಇವು ಬೇಡುವ ಗಮನ ಒಂದೇ ಪ್ರಮಾಣದ್ದಲ್ಲ.

ಹೆಣೆದ ಕಥನದ ಶಕ್ತಿಯನ್ನು ಜಗತ್ತಿಗೆ ತೋರಿಸಿದ್ದು 2014ರ 'ಸೀರಿಯಲ್'. ಅದರಲ್ಲಿ ಪತ್ರಕರ್ತೆ ಸಾರಾ ಕೋನಿಗ್ 1999ರ ಒಂದು ಕೊಲೆ ಪ್ರಕರಣವನ್ನು ವಾರದಿಂದ ವಾರಕ್ಕೆ ಬಿಚ್ಚುತ್ತ ಹೋದರು. ತನಿಖೆ ಮುಗಿದ ಮೇಲೆ ವರದಿ ಒಪ್ಪಿಸುವ ಬದಲು ತಮ್ಮ ಅನುಮಾನ, ಗೊಂದಲಗಳನ್ನೂ ಕೇಳುಗರ ಮುಂದಿಟ್ಟರು. ಆ ಕಾರ್ಯಕ್ರಮಕ್ಕೆ ಪ್ರಸಾರ ಮಾಧ್ಯಮದ ಹೆಸರಾಂತ ಪೀಬಡಿ ಪ್ರಶಸ್ತಿ ಬಂತು, ಪ್ರಕರಣವೂ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿತು. 2020ರಲ್ಲಿ ಪುಲಿಟ್ಜರ್ ಪ್ರಶಸ್ತಿಗೆ ಧ್ವನಿ ವರದಿಗಾರಿಕೆಯ ಪ್ರತ್ಯೇಕ ವಿಭಾಗವೇ ಸೇರಿತು, ಮೊದಲ ಗೌರವ 'ದಿಸ್ ಅಮೆರಿಕನ್ ಲೈಫ್' ಎಂಬ ರೇಡಿಯೊ ಕಾರ್ಯಕ್ರಮದ ತಂಡದ ಪಾಲಾಯಿತು. ಈ ಬಗೆಯ ಪಾಡ್‌ಕಾಸ್ಟಿನಲ್ಲಿ ಪ್ರತಿ ನಿಮಿಷದ ಹಿಂದೆ ಎಷ್ಟೋ ಗಂಟೆಗಳ ಧ್ವನಿಮುದ್ರಣ ಮತ್ತು ಸಂಪಾದನೆ ಇರುತ್ತದೆ. ಬಿಗಿಯಾಗಿ ಕಟ್ಟಿರುವುದರಿಂದಲೇ ಒಂದು ನಿಮಿಷ ತಪ್ಪಿದರೂ ಎಳೆ ಕೈತಪ್ಪುತ್ತದೆ. ಒಬ್ಬರೇ ನಡೆಯುವಾಗ, ಗೊತ್ತಿರುವ ದಾರಿಯ ರೈಲು ಪ್ರಯಾಣದಲ್ಲಿ, ಒಪ್ಪಓರಣ ಮಾಡುವಾಗ ಇವು ಸೊಗಸು. ಮಕ್ಕಳು ಕರೆಯುತ್ತಿರುವ, ಫೋನ್ ಬಡಿಯುತ್ತಿರುವ ಮನೆಯಲ್ಲಿ ಇವನ್ನು ಹಚ್ಚುವುದು ಕಾರ್ಯಕ್ರಮಕ್ಕೂ ನಿಮಗೂ ಅನ್ಯಾಯ.

ಅಪರಾಧ ಕಥನಗಳ ಬಗ್ಗೆ ಒಂದು ತಕರಾರು ಹೇಳಿಯೇ ಮುಂದೆ ಹೋಗುತ್ತೇನೆ. 'ಸೀರಿಯಲ್' ಗೆದ್ದ ಮೇಲೆ ಅದರ ಹಿಂದೆ ದಂಡೇ ಬಂತು. ಸತ್ತವರ ಮನೆಯವರನ್ನು ಮಾತಾಡಿಸದೆ, ಹಳೆಯ ಪತ್ರಿಕಾ ವರದಿಗಳನ್ನು ಓದಿ, ನಡುನಡುವೆ ನಕ್ಕು ಕೊಲೆಯ ಕಥೆ ಹೇಳುವವರು ಅದರಲ್ಲಿ ಬಹಳ. ಸ್ವಂತ ತನಿಖೆ ಇದೆಯೇ, ದಾಖಲೆ ತೆರೆದು ನೋಡಿದ್ದಾರೆಯೇ ಎಂಬುದು ಮೊದಲ ಸಂಚಿಕೆಯಲ್ಲೇ ಗೊತ್ತಾಗುತ್ತದೆ. ಇಲ್ಲವೆಂದಾದರೆ ಮುಂದುವರಿಯುವ ಅಗತ್ಯವಿಲ್ಲ.

ಹರಟೆಯ ಪಾಡ್‌ಕಾಸ್ಟ್ ಇದಕ್ಕೆ ತದ್ವಿರುದ್ಧ. ಅಲ್ಲಿ ಎರಡು ನಿಮಿಷ ಕೈಬಿಟ್ಟರೂ ನಷ್ಟವಿಲ್ಲ. ಮಾತು ಹೇಗೂ ಸುತ್ತಿ ಅಲ್ಲಿಗೇ ಬರುತ್ತದೆ. ಕಲಿತವರು ಇದನ್ನು ಕೀಳಾಗಿ ಕಾಣುವುದುಂಟು. ನನಗೆ ಹಾಗನಿಸುವುದಿಲ್ಲ. ವಿಷಯ ಬಲ್ಲ ಇಬ್ಬರು, ಒಬ್ಬರನ್ನೊಬ್ಬರು ಕೆಣಕುತ್ತ, ತಿದ್ದುತ್ತ ಮಾತನಾಡಿದಾಗ ಏಕಾಂಗಿ ಉಪನ್ಯಾಸಕ್ಕೆ ಸಿಗದ ಒಂದು ಅನುಕೂಲ ಒದಗುತ್ತದೆ: ಕೇಳುಗನ ಮನಸ್ಸಿನಲ್ಲಿ ಏಳುವ ಅನುಮಾನವನ್ನು ಎರಡನೆಯವರು ಆಗಲೇ ಕೇಳಿಬಿಡುತ್ತಾರೆ. ಇತಿಹಾಸಕಾರರಾದ ಟಾಮ್ ಹಾಲೆಂಡ್ ಮತ್ತು ಡೊಮಿನಿಕ್ ಸ್ಯಾಂಡ್‌ಬ್ರೂಕ್ 2020ರಲ್ಲಿ ಆರಂಭಿಸಿದ 'ದಿ ರೆಸ್ಟ್ ಈಸ್ ಹಿಸ್ಟರಿ' ಈ ಜಾತಿಯದು. ಆದರೆ ಇಬ್ಬರಲ್ಲಿ ಯಾರಿಗೂ ವಿಷಯ ಗೊತ್ತಿಲ್ಲದೆ, ಅಂದು ಬೆಳಿಗ್ಗೆ ವಿಕಿಪೀಡಿಯ ಓದಿ ಬಂದವರ ಹರಟೆಯೂ ಹೊರನೋಟಕ್ಕೆ ಹೀಗೆಯೇ ಇರುತ್ತದೆ. ನಗು ಎಷ್ಟು ಸಲ ಬಂತು ಎನ್ನುವುದಕ್ಕಿಂತ, ಒಬ್ಬರು ಇನ್ನೊಬ್ಬರ ಮಾತಿಗೆ 'ಅದು ಹಾಗಲ್ಲ' ಎಂದದ್ದು ಎಷ್ಟು ಸಲ ಎಂದು ಗಮನಿಸಿ.

ಹರಟೆಯ ಪಾಡ್‌ಕಾಸ್ಟಿಗೆ ಜನ ಅಂಟಿಕೊಳ್ಳುವುದಕ್ಕೆ ವಿಷಯಕ್ಕಿಂತ ಆಳದ ಕಾರಣವಿದೆ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು 1956ರಷ್ಟು ಹಿಂದೆಯೇ ರೇಡಿಯೊ, ಟಿವಿ ನಿರೂಪಕರ ಬಗ್ಗೆ ಬರೆದಿದ್ದರು: ನೋಡುಗರಿಗೆ ನಿರೂಪಕ ಆಪ್ತಮಿತ್ರನಂತೆ ಕಾಣುತ್ತಾನೆ, ಆದರೆ ಆ ಗೆಳೆತನ ಒಂದೇ ಕಡೆಯದು. ಇಯರ್‌ಫೋನ್ ಈ ಆಪ್ತತೆಯನ್ನು ಇನ್ನಷ್ಟು ಹತ್ತಿರ ತಂದಿದೆ. ವಾರಕ್ಕೆರಡು ಸಲ, ವರ್ಷಗಟ್ಟಲೆ, ಕಿವಿಯೊಳಗೇ ಮಾತನಾಡುವ ದನಿ. ಅವರ ನೆಗಡಿ, ಅವರ ನಾಯಿ, ಅವರ ಹಳೆಯ ಜಗಳ ಎಲ್ಲವೂ ನಮಗೆ ಗೊತ್ತು. ಒಬ್ಬರೇ ವಾಸಿಸುವವರಿಗೆ, ರಾತ್ರಿ ಪಾಳಿಯವರಿಗೆ ಇದು ಸಣ್ಣ ಸಮಾಧಾನವಲ್ಲ. ಇದರಲ್ಲಿ ತಪ್ಪೂ ಇಲ್ಲ. ಅದೇ ದನಿ ಮಾತಿನ ಲಯ ಬದಲಿಸದೆ ಹಾಸಿಗೆಯನ್ನೋ ಔಷಧವನ್ನೋ ಹೂಡಿಕೆ ಯೋಜನೆಯನ್ನೋ ಹೊಗಳತೊಡಗಿದಾಗ ಮಾತ್ರ ಎಚ್ಚರ ಬೇಕು. ಜಾಹೀರಾತುದಾರರು ನಿರೂಪಕರ ಬಾಯಿಂದಲೇ ಜಾಹೀರಾತು ಓದಿಸುವುದು ಈ ನಂಬಿಕೆಯನ್ನು ಬಲ್ಲರಾದ್ದರಿಂದ. ಒಳ್ಳೆಯ ಕಾರ್ಯಕ್ರಮಗಳು ಜಾಹೀರಾತು ಶುರುವಾಯಿತೆಂದು ಬಾಯಿಬಿಟ್ಟು ಹೇಳುತ್ತವೆ ಅಥವಾ ಸಂಗೀತದಿಂದ ಬೇರ್ಪಡಿಸುತ್ತವೆ. ಎರಡೂ ಇಲ್ಲದ ಕಡೆ ನನ್ನ ನಂಬಿಕೆ ಅರ್ಧಕ್ಕಿಳಿಯುತ್ತದೆ.

ಸಂದರ್ಶನ, ವಿದ್ವಾಂಸರ ಮಾತುಕತೆ, ದಿನದ ಸುದ್ದಿ

ಸಂದರ್ಶನದ ಪಾಡ್‌ಕಾಸ್ಟನ್ನು ಅತಿಥಿಯ ಹೆಸರು ನೋಡಿ ಆರಿಸುವವರೇ ಹೆಚ್ಚು. ನಾನು ಪ್ರಶ್ನೆ ಕೇಳುವವರನ್ನು ನೋಡುತ್ತೇನೆ. ಹೊಸ ಪುಸ್ತಕದ ಪ್ರಚಾರಕ್ಕೆ ಹೊರಟ ಅತಿಥಿ ಹತ್ತು ಕಡೆ ಅದೇ ಹತ್ತು ಉತ್ತರ ಹೇಳಿರುತ್ತಾನೆ. ಹನ್ನೊಂದನೆಯ ಉತ್ತರ ಹೊರಡಿಸುವವರು ವಿರಳ. ಪ್ರಶ್ನೆ ಉತ್ತರಕ್ಕಿಂತ ಉದ್ದವಾಗಿದ್ದರೆ ಆ ಸಂಚಿಕೆಯನ್ನು ಅಲ್ಲಿಗೇ ಬಿಡಬಹುದು.

ವಿದ್ವಾಂಸರ ಮಾತುಕತೆಗೆ ನನ್ನ ಮೆಚ್ಚಿನ ಮಾದರಿ ಬಿಬಿಸಿಯ 'ಇನ್ ಅವರ್ ಟೈಮ್'. 1998ರಲ್ಲಿ ರೇಡಿಯೊ ಕಾರ್ಯಕ್ರಮವಾಗಿ ಆರಂಭವಾದ ಇದನ್ನು ಮೆಲ್ವಿನ್ ಬ್ರ್ಯಾಗ್ ಕಾಲು ಶತಮಾನಕ್ಕೂ ಹೆಚ್ಚು ಕಾಲ ನಡೆಸಿದರು. ಒಂದು ವಿಷಯ, ಸಾಮಾನ್ಯವಾಗಿ ಮೂವರು ಪರಿಣತರು, ಮುಕ್ಕಾಲು ಗಂಟೆಯ ಆಸುಪಾಸು. ಕಪ್ಪುಕುಳಿಯೂ ಆಗಬಹುದು, ಯಾವುದೋ ಮರೆತುಹೋದ ರಾಣಿಯೂ ಆಗಬಹುದು. ಪರಿಣತರು ದಾರಿ ತಪ್ಪಿದರೆ ಬ್ರ್ಯಾಗ್ ಮುಲಾಜಿಲ್ಲದೆ ಎಳೆದು ತರುತ್ತಿದ್ದರು. ಸಾವಿರಕ್ಕೂ ಮೀರಿದ ಹಳೆಯ ಸಂಚಿಕೆಗಳಲ್ಲಿ ಇಪ್ಪತ್ತು ವರ್ಷ ಹಿಂದಿನದೂ ಇಂದಿಗೆ ಹಳಸಿಲ್ಲ. ಪಾಡ್‌ಕಾಸ್ಟ್ ಕೇಳುವುದಕ್ಕೆ ಹೊಸಬರಾದವರು ಹೊಸ ಸಂಚಿಕೆಗಳ ಹಿಂದೆ ಓಡುವ ಬದಲು ಇಂಥ ಹಳೆಯ ಉಗ್ರಾಣಗಳಿಂದ ಶುರುಮಾಡುವುದು ಮೇಲು. ಇದಕ್ಕೆ ಬೇಕಾದ ಗಮನ ಮಾತ್ರ ಮುಕ್ಕಾಲು ಪಾಲು, ಅರೆನಿದ್ದೆಯಲ್ಲಿ ಕೇಳುವಂಥದ್ದಲ್ಲ.

ದಿನದ ಸುದ್ದಿಯ ಪಾಡ್‌ಕಾಸ್ಟ್‌ಗಳು ಹಾಲಿನ ಹಾಗೆ, ಇಂದಿನದು ಇಂದೇ ಮುಗಿಯಬೇಕು. ನ್ಯೂಯಾರ್ಕ್ ಟೈಮ್ಸ್ 2017ರಲ್ಲಿ ಶುರುಮಾಡಿದ 'ದಿ ಡೈಲಿ' ಒಂದು ದಿನಕ್ಕೆ ಒಂದೇ ಸುದ್ದಿಯನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ಬಿಡಿಸುವ ಮಾದರಿಯನ್ನು ಜನಪ್ರಿಯಗೊಳಿಸಿತು. ದಿನಪತ್ರಿಕೆ ಓದುವವರಿಗೆ ಈ ಮಾದರಿ ಒಪ್ಪುತ್ತದೆ, ತಲೆಬರಹ ಗೊತ್ತಿದ್ದವರಿಗೆ ಹಿನ್ನೆಲೆ ಸಿಗುತ್ತದೆ. ಪತ್ರಿಕೆ ಓದದವರಿಗೆ ಐದಾರು ಸುದ್ದಿಗಳನ್ನು ಒಟ್ಟಿಗೆ ಹೇಳುವ ಹತ್ತು ನಿಮಿಷದ ವಾರ್ತಾ ಪಾಡ್‌ಕಾಸ್ಟ್ ಸಾಕು. ಎರಡಕ್ಕೂ ಚಂದಾದಾರರಾಗುವುದು ವ್ಯರ್ಥ.

ನಾಟಕ, ಕಥೆಗಳ ಪಾಡ್‌ಕಾಸ್ಟ್ ಬೇರೆಯೇ ಲೋಕ. 2012ರಲ್ಲಿ ಆರಂಭವಾದ 'ವೆಲ್‌ಕಮ್ ಟು ನೈಟ್ ವೇಲ್' ಮರುಭೂಮಿಯ ಒಂದು ಕಲ್ಪಿತ ಊರಿನ ರೇಡಿಯೊ ಕೇಂದ್ರದ ಸುದ್ದಿಯ ಸೋಗಿನಲ್ಲಿ ವಿಚಿತ್ರ ಕಥೆ ಹೇಳುತ್ತದೆ. ಇಷ್ಟವಾದವರಿಗೆ ಬಿಡಲಾಗದು, ಆಗದವರಿಗೆ ಎರಡು ಸಂಚಿಕೆಗೇ ಸಾಕಾಗುತ್ತದೆ.

ಮಲಗುವ ಮುನ್ನ ಕೇಳುವವರು ಈ ಯಾವ ಗುಣಗಳನ್ನೂ ನೋಡಬೇಕಿಲ್ಲ. ಏರಿಳಿತವಿಲ್ಲದ ದನಿ, ಜೋರಾದ ಶೀರ್ಷಿಕೆ ಸಂಗೀತವಿಲ್ಲದಿರುವುದು, ಮೊದಲೇ ಕೇಳಿದ ಸಂಚಿಕೆ, ಆ್ಯಪಿನ ನಿದ್ರೆ ಟೈಮರ್ ಇಷ್ಟಿದ್ದರೆ ಸಾಕು. ಕೊಲೆ ಪ್ರಕರಣ ಬೇಡ ಎಂದು ಬೇರೆ ಹೇಳಬೇಕಿಲ್ಲವಷ್ಟೇ.

ಧ್ವನಿ ಸಾಕೇ, ಮುಖವೂ ಬೇಕೇ?

ಸಂದರ್ಶನದ ಪಾಡ್‌ಕಾಸ್ಟ್‌ಗಳು ಇತ್ತೀಚೆಗೆ ಕ್ಯಾಮೆರಾ ಮುಂದೆ ಕೂತು ಯೂಟ್ಯೂಬ್‌ಗೂ ಬರುತ್ತಿವೆ. ಮುಖಭಾವ ಕಾಣುತ್ತದೆ, ನಕ್ಷೆ ತೋರಿಸಬಹುದು ಎಂಬುದು ನಿಜ. ಆದರೆ ಇಬ್ಬರು ಮೈಕಿನ ಹಿಂದೆ ಕೂತಿರುವುದನ್ನು ಒಂದೂವರೆ ಗಂಟೆ ನೋಡುವುದರಲ್ಲಿ ಕಣ್ಣಿಗೆ ದಕ್ಕುವುದೇನೆಂದು ನನಗೆ ಈವರೆಗೂ ಅರ್ಥವಾಗಿಲ್ಲ. ಕಣ್ಣು, ಕೈ ಎರಡೂ ಕಟ್ಟಿಹೋದ ಮೇಲೆ ಪಾಡ್‌ಕಾಸ್ಟಿನ ಮೂಲ ಅನುಕೂಲವೇ ಹೋಯಿತು. ಡೇಟಾದ ಲೆಕ್ಕವನ್ನೂ ನೋಡಿ: ಸೆಕೆಂಡಿಗೆ 64 ಕಿಲೋಬಿಟ್ ದರದ ಒಂದು ಗಂಟೆಯ ಧ್ವನಿಗೆ ಸುಮಾರು 29 ಎಂಬಿ ಸಾಕು, 128 ಕಿಲೋಬಿಟ್ ಆದರೆ 58 ಎಂಬಿ. ವಿಡಿಯೊ ಇದರ ಎಷ್ಟೋ ಪಟ್ಟು ನುಂಗುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ. ಅಡುಗೆ, ಚಿತ್ರಕಲೆ, ಯಂತ್ರ ರಿಪೇರಿ ಮುಂತಾಗಿ ಕೈಚಳಕ ತೋರಿಸುವ ವಿಷಯಗಳಿಗೆ ವಿಡಿಯೊ. ಉಳಿದದ್ದಕ್ಕೆ ಧ್ವನಿ ಸಾಕು.

ಯಾವ ಆ್ಯಪ್?

ಇಲ್ಲಿ ಎರಡೇ ದಾರಿ. ಆ್ಯಪಲ್ ಪಾಡ್‌ಕಾಸ್ಟ್ಸ್, ಪಾಕೆಟ್ ಕಾಸ್ಟ್ಸ್, ಐಫೋನಿನ ಓವರ್‌ಕಾಸ್ಟ್, ಆಂಡ್ರಾಯ್ಡಿನ ಆಂಟೆನಾಪಾಡ್ ಮುಂತಾದವು ಮುಕ್ತ ಆರ್‌ಎಸ್‌ಎಸ್ ಫೀಡುಗಳನ್ನು ಓದುತ್ತವೆ. ಸ್ಪಾಟಿಫೈ, ಯೂಟ್ಯೂಬ್‌ಗಳಂಥವು ಪಾಡ್‌ಕಾಸ್ಟನ್ನು ತಮ್ಮ ಅಂಗಳದೊಳಗೇ ಇಟ್ಟುಕೊಂಡು ಹಂಚುತ್ತವೆ. ಎರಡನೆಯ ದಾರಿ ಸುಲಭ. ಹಾಡು ಕೇಳುವ ಆ್ಯಪಿನಲ್ಲೇ ಪಾಡ್‌ಕಾಸ್ಟೂ ಸಿಕ್ಕಿಬಿಡುತ್ತದೆ. ವಾರಕ್ಕೊಂದೆರಡು ಸಂಚಿಕೆ ಕೇಳುವವರಿಗೆ ಅಷ್ಟು ಸಾಕು.

ನಿಯಮಿತವಾಗಿ ಕೇಳುವವರಿಗೆ ನಾನು ಮೊದಲ ದಾರಿಯನ್ನೇ ಹೇಳುತ್ತೇನೆ. ಸ್ಟಿಚರ್ ಎಂಬ ಪಾಡ್‌ಕಾಸ್ಟ್ ಆ್ಯಪ್ 2023ರಲ್ಲಿ ಬಾಗಿಲು ಮುಚ್ಚಿತು, ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ. ಮುಕ್ತ ಫೀಡು ಬಳಸುವ ಆ್ಯಪ್‌ಗಳಿಂದ ಚಂದಾದಾರಿಕೆಗಳ ಪಟ್ಟಿಯನ್ನು ಒಪಿಎಂಎಲ್ ಎಂಬ ಕಡತವಾಗಿ ಹೊರತೆಗೆದು ಇನ್ನೊಂದರೊಳಗೆ ಹಾಕಬಹುದು. ಅಂಗಡಿ ಮುಚ್ಚಿದರೂ ಪಟ್ಟಿ ನಿಮ್ಮದೇ. ವರ್ಷಕ್ಕೊಮ್ಮೆ ಆ ಕಡತವನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಆಂಟೆನಾಪಾಡ್ ಉಚಿತ, ಅದರ ತಂತ್ರಾಂಶದ ಮೂಲವೂ ಮುಕ್ತ, ಜಾಹೀರಾತಿಲ್ಲ. ಆಂಡ್ರಾಯ್ಡ್ ಫೋನಿನವರಿಗೆ ಅದರಿಂದ ಶುರುಮಾಡಿ ಎನ್ನುತ್ತೇನೆ. ಆ್ಯಪಲ್ ತನ್ನ ಆ್ಯಪಿನಲ್ಲಿ 2024ರಿಂದ ಸಂಚಿಕೆಗಳ ಲಿಖಿತ ರೂಪವನ್ನೂ ಕೊಡುತ್ತಿದೆ. ಕಿವಿ ಸರಿಯಾಗಿ ಕೇಳಿಸದವರಿಗೆ, ಕಲಿತ ಭಾಷೆಯಲ್ಲಿ ಕೇಳುವವರಿಗೆ, ಎಲ್ಲೋ ಕೇಳಿದ ಒಂದು ಮಾತನ್ನು ಮತ್ತೆ ಹುಡುಕುವವರಿಗೆ ಇದು ದೊಡ್ಡ ಉಪಕಾರ. ಆದರೆ ಎಲ್ಲ ಭಾಷೆಗಳಿಗೆ ಆ ಸೌಲಭ್ಯವಿಲ್ಲ.

ವೇಗ, ಸದ್ದು

ಎರಡು ಪಟ್ಟು ವೇಗದಲ್ಲಿ ಕೇಳುತ್ತೇನೆಂದು ಹೆಮ್ಮೆಪಡುವವರಿದ್ದಾರೆ. ಅವರ ಪರವಾಗಿ ಆಧಾರವೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಡಿಯೊ ಪಾಠಗಳನ್ನು ಎರಡು ಪಟ್ಟು ವೇಗದವರೆಗೆ ನೋಡಿದ ವಿದ್ಯಾರ್ಥಿಗಳ ಗ್ರಹಿಕೆ ಹೆಚ್ಚೇನೂ ಕುಂದಲಿಲ್ಲ, ಅದನ್ನು ಮೀರಿದಾಗ ಕುಸಿಯಿತು. ಅಲ್ಲಿ ಅವರು ಬೇರೆ ಕೆಲಸ ಮಾಡದೆ ಪಾಠವನ್ನಷ್ಟೇ ನೋಡುತ್ತಿದ್ದರು ಎಂಬುದನ್ನು ಮರೆಯಬಾರದು. ಪಾತ್ರೆ ತೊಳೆಯುತ್ತ ಕೇಳುವಾಗ ಅದೇ ಫಲ ಸಿಗಬೇಕೆಂದಿಲ್ಲ. ಸುದ್ದಿ, ಉಪನ್ಯಾಸಗಳನ್ನು ಒಂದೂಕಾಲು ಪಟ್ಟು ವೇಗಕ್ಕೆ ಏರಿಸಿ ಕೇಳಿದರೆ ತೊಂದರೆಯಿಲ್ಲ. ಕಥೆ ಮತ್ತು ಸಂದರ್ಶನಗಳಿಗೆ ಕೈ ಹಚ್ಚಬೇಡಿ. ಕಷ್ಟದ ಪ್ರಶ್ನೆ ಕೇಳಿದ ಮೇಲೆ ಅತಿಥಿ ಮೂರು ಸೆಕೆಂಡು ಸುಮ್ಮನಿದ್ದರೆ, ಆ ಮೂರು ಸೆಕೆಂಡೇ ಉತ್ತರದ ಅರ್ಧ. ಮೌನವನ್ನು ಕತ್ತರಿಸಿ ಸಮಯ ಉಳಿಸುವ ಸೌಲಭ್ಯ ಹಲವು ಆ್ಯಪ್‌ಗಳಲ್ಲಿದೆ. ಅದನ್ನು ಆಫ್ ಮಾಡಿಟ್ಟೇ ಕೇಳಿ.

ಸದ್ದಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಹೀಗಿದೆ: ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ ಅಷ್ಟೇ ಗಂಟೆ. ಸದ್ದು ಮೂರು ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧವಾಗುತ್ತದೆ. 90ಕ್ಕೆ ತಲುಪಿದರೆ ವಾರಕ್ಕೆ ನಾಲ್ಕು ಗಂಟೆ ಮಾತ್ರ. ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಮಾತು ಕೇಳುವುದಿಲ್ಲ. ಗದ್ದಲದ ಬಸ್ಸಿನಲ್ಲಿ, ಎಂಜಿನ್ ಸದ್ದನ್ನು ಮೀರಿಸಲು ಹೋಗಿ ಗುಂಡಿ ಮೇಲೇರುತ್ತದೆ. ಹೊರಗಿನ ಸದ್ದು ತಗ್ಗಿಸುವ ಹೆಡ್‌ಫೋನ್ ಅಲ್ಲಿ ಕಿವಿ ಉಳಿಸುತ್ತದೆ. ರಸ್ತೆಯಲ್ಲಿ ನಡೆಯುವಾಗ, ಸೈಕಲ್ ತುಳಿಯುವಾಗ ಅದೇ ಹೆಡ್‌ಫೋನ್ ಅಪಾಯಕಾರಿ. ಮಾತಿಗೆ ಎರಡು ಕಿವಿಯೂ ಬೇಕಿಲ್ಲ. ಎರಡೂ ಕಿವಿಯ ಧ್ವನಿಯನ್ನು ಒಂದಾಗಿಸುವ ಮೋನೊ ಆಯ್ಕೆ ಹಾಕಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರೆ ಒಂದು ಪದವೂ ತಪ್ಪುವುದಿಲ್ಲ.

ಪರೀಕ್ಷಿಸುವ ಬಗೆ

ಹೊಸ ಪಾಡ್‌ಕಾಸ್ಟನ್ನು ಇತ್ತೀಚಿನ ಸಂಚಿಕೆಯಿಂದಲೂ ಮೊದಲ ಸಂಚಿಕೆಯಿಂದಲೂ ಶುರುಮಾಡಬೇಡಿ, ಸರಣಿಯ ಕಥನವಾದರೆ ಮಾತ್ರ ಮೊದಲಿನಿಂದ. ಬಹುತೇಕ ಕಾರ್ಯಕ್ರಮಗಳ ಮೊದಲ ಸಂಚಿಕೆಗಳಲ್ಲಿ ಮಾಡುವವರೇ ಇನ್ನೂ ಕಲಿಯುತ್ತಿರುತ್ತಾರೆ. ಪಟ್ಟಿಯಲ್ಲಿ ಇಳಿಯುತ್ತ ಹೋಗಿ, ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಮೇಲಿನ ಸಂಚಿಕೆಯನ್ನು ಹುಡುಕಿ: ನಿಮ್ಮ ವೃತ್ತಿಯದಾಗಿರಬಹುದು, ನೀವು ಬೆಳೆದ ಊರಿನ ಚರಿತ್ರೆಯಾಗಿರಬಹುದು, ನೀವು ಅನುಭವಿಸಿದ ಕಾಯಿಲೆಯಾಗಿರಬಹುದು. ಅಲ್ಲಿ ಅವರು ಎಷ್ಟು ಸರಿ ಹೇಳುತ್ತಾರೆ, ಎಲ್ಲಿ ಅಡ್ಡದಾರಿ ಹಿಡಿಯುತ್ತಾರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾರೆಯೇ ಎಂದು ನೀವೇ ಅಳೆಯಬಹುದು. ನಿಮಗೆ ಗೊತ್ತಿರುವುದರಲ್ಲೇ ಎಡವಿದವರನ್ನು ಗೊತ್ತಿಲ್ಲದ ವಿಷಯದಲ್ಲಿ ನಂಬಲು ಕಾರಣವಿಲ್ಲ.

ಆ ಪರೀಕ್ಷೆಯಲ್ಲಿ ಗೆದ್ದ ಮೇಲೂ ಅವರ ದನಿ ನಿಮಗೆ ಒಗ್ಗದೆ ಹೋಗಬಹುದು. ಅದು ಸಣ್ಣ ಕಾರಣವಲ್ಲ, ದನಿ ಒಗ್ಗದಿದ್ದರೆ ಬಿಡಿ. ಚಂದಾದಾರಿಕೆಗಳು ಹತ್ತನ್ನು ದಾಟಿದರೆ ಕೇಳದೆ ಉಳಿದ ಸಂಚಿಕೆಗಳ ಸಂಖ್ಯೆ ಆ್ಯಪ್ ತೆರೆದಾಗಲೆಲ್ಲ ಸಾಲದ ಮೊತ್ತದಂತೆ ಎದುರಿಗೆ ನಿಲ್ಲುತ್ತದೆ. ಆ ಸಂಖ್ಯೆಯನ್ನು ತೋರಿಸದಂತೆ ಸೆಟ್ಟಿಂಗ್‌ನಲ್ಲಿ ಬದಲಿಸಬಹುದು. ಚಂದಾದಾರಿಕೆ ರದ್ದುಮಾಡಿದ ಮಾತ್ರಕ್ಕೆ ಪಾಡ್‌ಕಾಸ್ಟ್ ಎಲ್ಲಿಗೂ ಹೋಗುವುದಿಲ್ಲ. ಬೇಕಾದ ಸಂಚಿಕೆಯನ್ನು ಬೇಕಾದ ದಿನ ಹೆಸರು ಹುಡುಕಿ ಕೇಳಿಕೊಳ್ಳಬಹುದು.